ಕಿನಬತಾಂಗನ್ ದಂಡೆಯ ಮಂಗಟ್ಟೆಗಳು

ಡಾನಮ್ ಕಣಿವೆಯಲ್ಲಿ ಹಕ್ಕಿಗಳಿಗೆ ಬರವಿಲ್ಲ, ಬೆಳಕಿಗೆ ಬರ. ಬೋರ್ನಿಯೊ ದ್ವೀಪದಲ್ಲಿ ಮಲೇಷ್ಯಾದ ಪಾಲಿಗೆ ಬಂದಿರುವ ಸಬಾ ರಾಜ್ಯದ ಪೂರ್ವಕ್ಕೆ 438 ಚದರ ಕಿಲೋಮೀಟರ್ ಹರಡಿಕೊಂಡಿರುವ ಕಾಡು ಇದು. ಲಹದ್ ದಾತು ಪಟ್ಟಣದಿಂದ ಜಲ್ಲಿ ರಸ್ತೆಯಲ್ಲಿ ಕುಲುಕಾಡುತ್ತಾ ಹೋಗಬೇಕು. ಇಲ್ಲಿನ ಒಂದು ಮರ ನೂರು ಮೀಟರಿಗೂ ಎತ್ತರವಿದೆ ಎಂಬುದು 2019ರಲ್ಲಿ ಜಗತ್ತಿಗೆ ತಿಳಿಯಿತು. ಅಂಥ ಮರಗಳ ಬುಡದಲ್ಲಿ ನಿಂತು ಮೇಲೆ ನೋಡಿದರೆ ಹಕ್ಕಿಯೆಂದು ಕಾಣುವುದು ಅದರ ಹೊಟ್ಟೆ ಮಾತ್ರ. ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು (ಐಎಸ್‌ಒ) 6400ಕ್ಕೆ ಏರಿಸಿದರೂ ಶಟರ್ ವೇಗ ಸೆಕೆಂಡಿನ ಅರವತ್ತನೇ ಒಂದು ಭಾಗವನ್ನು ದಾಟುವುದಿಲ್ಲ. ಭಾರದ ಲೆನ್ಸನ್ನು ಆಕಾಶಕ್ಕೆ ಎತ್ತಿ ಹಿಡಿದು ಕತ್ತು ಸೆಟೆದುಕೊಳ್ಳುವ ಹೊತ್ತಿಗೆ ಹಕ್ಕಿ ಮುಂದಿನ ಮರಕ್ಕೆ ಹೋಗಿರುತ್ತದೆ.

ಮಲೆನಾಡಿನಲ್ಲಿ ಬೆಳೆದ ನನಗೆ ಇಂಬಳ, ಅಂದರೆ ಕಾಡಿನ ಜಿಗಣೆ, ಹೊಸದಲ್ಲ. ಆದರೆ ಡಾನಮ್‌ನ ಹುಲಿ ಇಂಬಳ ನೆಲ ಬಿಟ್ಟು ಸೊಂಟದೆತ್ತರದ ಎಲೆಗಳ ತುದಿಯಲ್ಲಿ ಕಾದಿರುತ್ತದೆ, ಮೈಮೇಲೆ ಬಣ್ಣದ ಪಟ್ಟೆಗಳನ್ನು ಹೊತ್ತುಕೊಂಡು. ನಮ್ಮ ಇಂಬಳ ಕಚ್ಚಿದ್ದು ರಕ್ತ ಕಂಡ ಮೇಲಷ್ಟೇ ತಿಳಿಯುತ್ತದೆ. ಇದು ಕಚ್ಚಿದ್ದು ಆಗಲೇ ಉರಿದು ಗೊತ್ತಾಗುತ್ತದೆ. ಒಂದು ಬೆಳಿಗ್ಗೆ ದಾರಿಯಂಚಿನ ತರಗೆಲೆಗಳ ಮೇಲೆ ನೀಲಿ ತಲೆಯ ನವರಂಗ ಹಕ್ಕಿಯೊಂದು ಕುಪ್ಪಳಿಸುತ್ತಾ ಬಂತು. ಹೊಳೆಯುವ ತಿಳಿನೀಲಿ ನೆತ್ತಿ, ಕಡುಗೆಂಪು ಬೆನ್ನು, ಬಿಳಿ ಗಂಟಲು. ಅದನ್ನು ಕಣ್ಣಿನಿಂದ ನೋಡಲೋ ಕ್ಯಾಮೆರಾ ಎತ್ತಲೋ ಎಂಬ ತೀರ್ಮಾನಕ್ಕೆ ಬರುವಷ್ಟರಲ್ಲಿ ಅದು ಪೊದೆಯೊಳಗಿತ್ತು. ನವಿಲಿನ ನೆಂಟ ಆರ್ಗಸ್ ಗುಡ್ಡದ ಮೇಲಿನಿಂದ ದಿನವಿಡೀ ಕೂಗುತ್ತದೆ, ಕಾಣುವುದಿಲ್ಲ. ಹೆಲ್ಮೆಟೆಡ್ ಹಾರ್ನ್‌ಬಿಲ್ ಎಂಬ ಮಂಗಟ್ಟೆ ಕೂಡ ಹಾಗೆಯೇ: ಒಂದೊಂದೇ ಹೂಂಕಾರದಿಂದ ಶುರುವಾಗಿ, ವೇಗ ಹೆಚ್ಚಿಸಿಕೊಳ್ಳುತ್ತಾ, ಕಡೆಗೆ ಹುಚ್ಚು ನಗುವಾಗಿ ಒಡೆಯುವ ಅದರ ಕೂಗನ್ನು ಕೇಳಿದೆವು, ಹಕ್ಕಿ ಎಲೆಗಳಾಚೆಗೇ ಉಳಿಯಿತು. ಬೇರೆ ಮಂಗಟ್ಟೆಗಳ ಕೊಕ್ಕಿನ ಮೇಲಿನ ಕಿರೀಟ ಒಳಗೆ ಟೊಳ್ಳು. ಇದರದು ಗಟ್ಟಿ, ದಂತದ ಹಾಗೆ ಕೆತ್ತಲು ಬರುವಂಥದ್ದು. ಆ ಕೆತ್ತನೆಯ ವ್ಯಾಪಾರಕ್ಕೆ ಸಿಕ್ಕಿ, 2015ರಲ್ಲಿ ಈ ಹಕ್ಕಿ ಅಳಿವಿನಂಚಿನ ಅತ್ಯಂತ ಗಂಭೀರ ಪಟ್ಟಿಗೆ ಸೇರಿತು.

ಕಣಿವೆಯಿಂದ ಹೊರಟಾಗ ಕ್ಯಾಮೆರಾದ ಕಾರ್ಡಿನಲ್ಲಿ ಹೆಚ್ಚಾಗಿದ್ದದ್ದು ಕೊಂಬೆಗಳು. ಅಲ್ಲಿಂದ ಕಿನಬತಾಂಗನ್ ನದಿಯ ದಂಡೆಯ ಸುಕಾವು ಗ್ರಾಮಕ್ಕೆ ಹೋಗುವ ಹೆದ್ದಾರಿಯ ಎರಡೂ ಬದಿಗೆ ತಾಳೆ ಎಣ್ಣೆಯ ತೋಟ. ಗುಡ್ಡ ಹತ್ತಿದರೆ ತಾಳೆ, ಇಳಿದರೆ ತಾಳೆ. ಕೆಂಪು ಹಣ್ಣಿನ ಗೊನೆಗಳನ್ನು ತುಂಬಿಕೊಂಡ ಲಾರಿಗಳು ಒಂದರ ಹಿಂದೊಂದು ಎದುರಾಗುತ್ತಿದ್ದವು. ಪ್ರಪಂಚದಲ್ಲಿ ಅತಿ ಹೆಚ್ಚು ತಾಳೆ ಎಣ್ಣೆಯನ್ನು ಆಮದು ಮಾಡಿಕೊಳ್ಳುವ ದೇಶ ನಮ್ಮದು. ದಾರಿಗೆಂದು ಬೆಂಗಳೂರಿನಿಂದ ತಂದಿದ್ದ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಿದೆ. ಹಿಟ್ಟು, ಸಕ್ಕರೆಯ ಪಕ್ಕದಲ್ಲೇ ಅದರ ಹೆಸರೂ ಇತ್ತು.

ಕಿನಬತಾಂಗನ್ ಸಬಾದ ಅತಿ ಉದ್ದದ ನದಿ. 560 ಕಿಲೋಮೀಟರ್ ಹರಿದು ಸುಲು ಸಮುದ್ರ ಸೇರುತ್ತದೆ. ಕೆಳಭಾಗದಲ್ಲಿ ನೆಲ ಸಮತಟ್ಟು, ನದಿ ಹಾವಿನಂತೆ ಹೊರಳುತ್ತದೆ, ಹಳೆಯ ತಿರುವುಗಳು ಮುಖ್ಯ ಹರಿವಿನಿಂದ ಕಡಿದುಹೋಗಿ ಅರ್ಧಚಂದ್ರಾಕಾರದ ಕೆರೆಗಳಾಗಿವೆ. ಮೊದಲು ನಾಟಾಕ್ಕಾಗಿ ಮರ ಬಿದ್ದವು, ಆಮೇಲೆ ಖಾಲಿ ನೆಲಕ್ಕೆ ತಾಳೆ ಬಂತು. ಉಳಿದದ್ದನ್ನು 2005ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದರು. ಸುಮಾರು 26,000 ಹೆಕ್ಟೇರ್, ಅದೂ ಒಂದೇ ಕಡೆಯಲ್ಲ, ನದಿಯುದ್ದಕ್ಕೂ ಚದುರಿದ ಹತ್ತು ತುಂಡುಗಳಲ್ಲಿ. ಕೆಲವು ಕಡೆ ದಂಡೆಯ ಕಾಡಿನ ಅಗಲ ನೂರು ಮೀಟರೂ ಇಲ್ಲ. ಹಾಗಿದ್ದೂ ಬೋರ್ನಿಯೊದ ಎಂಟೂ ಜಾತಿಯ ಮಂಗಟ್ಟೆಗಳು ಈ ಕಿರಿದಾದ ಕಾಡಿನ ಪಟ್ಟಿಯಲ್ಲಿವೆ. ದಾಂಡೇಲಿಯಲ್ಲಿ ನಾಲ್ಕು ಜಾತಿ ನೋಡಿ ಹೆಮ್ಮೆಪಡುವ ನಮಗೆ ಇದು ದೊಡ್ಡ ಲೆಕ್ಕವೇ.

ನಸುಕಿನ ಆರು ಗಂಟೆಗೆ ದೋಣಿ ಬಿಟ್ಟರೆ ಮೊದಲ ಒಂದು ಗಂಟೆ ಎಲ್ಲವೂ ಮಂಜು. ಆ ಹೊತ್ತಿನಲ್ಲಿ ಫೋಕಸ್ ಹಿಡಿಯಲು ಪರದಾಡುವುದಕ್ಕಿಂತ ಸುಮ್ಮನೆ ಕಣ್ಣು ತೆರೆದಿರುವುದು ಲೇಸು. ನಮ್ಮ ದೋಣಿಯವರು ನದಿಯ ಮೂಲನಿವಾಸಿಗಳಾದ ಒರಾಂಗ್ ಸುಂಗೈ ಸಮುದಾಯದವರು. ಮುಖ್ಯ ನದಿಯಲ್ಲಿ ಪೆಟ್ರೋಲ್ ಎಂಜಿನ್ ಓಡಿಸಿ, ಮೆನಂಗುಲ್ ಎಂಬ ಕಿರಿದಾದ ಉಪನದಿಯ ಬಾಯಿಗೆ ಬಂದಾಗ ಅದನ್ನು ನಿಲ್ಲಿಸಿ ಬ್ಯಾಟರಿಯ ಮೋಟಾರಿಗೆ ಬದಲಾಯಿಸಿದರು. ಅದರಿಂದ ಹಕ್ಕಿಗೆಷ್ಟು ಉಪಕಾರವೋ ಲೆನ್ಸಿಗೂ ಅಷ್ಟೇ: ದೋಣಿಯ ನಡುಕ ನಿಂತಿತು. ಟ್ರೈಪಾಡ್ ದೋಣಿಯಲ್ಲಿ ಕೆಲಸಕ್ಕೆ ಬಾರದು, ಕೈಯಲ್ಲೇ ಹಿಡಿಯಬೇಕು.

ರೈನಾಸರಸ್ ಹಾರ್ನ್‌ಬಿಲ್ ಕಾಣುವ ಮೊದಲು ಕೇಳಿಸಿತು. ಮಂಗಟ್ಟೆಗಳ ರೆಕ್ಕೆಯ ತಳಭಾಗದಲ್ಲಿ ದೊಡ್ಡ ಗರಿಗಳ ಬುಡವನ್ನು ಮುಚ್ಚುವ ಸಣ್ಣ ಗರಿಗಳಿಲ್ಲ. ಸಂದಿಗಳಲ್ಲಿ ಗಾಳಿ ನುಗ್ಗಿ ಭುಸ್ ಭುಸ್ ಎನ್ನುತ್ತದೆ. ಜೋಡಿಯೊಂದು ನೀರಿನ ಮೇಲೆ ಬಾಗಿದ್ದ ಅತ್ತಿಯ ಜಾತಿಯ ಮರದಲ್ಲಿ ಬಂದು ಕುಳಿತಿತು. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಗಂಡು ಹಣ್ಣೊಂದನ್ನು ಕೊಕ್ಕಿನ ತುದಿಯಲ್ಲಿ ಕಿತ್ತು, ಮೇಲಕ್ಕೆ ಚಿಮ್ಮಿ, ಗಂಟಲಿಗೆ ಬೀಳಿಸಿಕೊಂಡಿತು. ಆಮೇಲೆ ಕತ್ತು ಹಿಂದಕ್ಕೆ ತಿರುಗಿಸಿ ಬಾಲದ ಬುಡಕ್ಕೆ ಕೊಕ್ಕನ್ನು ತಿಕ್ಕತೊಡಗಿತು. ಮೇಲಕ್ಕೆ ಬಾಗಿದ ಆ ಕಿರೀಟದ ಕಿತ್ತಳೆಗೆಂಪು ಹುಟ್ಟಿನಿಂದ ಬಂದದ್ದಲ್ಲ. ಬಾಲದ ಬುಡದ ಗ್ರಂಥಿಯಿಂದ ಒಸರುವ ಬಣ್ಣದ ಎಣ್ಣೆಯನ್ನು ಹಕ್ಕಿ ತಾನೇ ಬಳಿದುಕೊಳ್ಳುತ್ತದೆ. ಮರಿಯ ಕೊಕ್ಕು ಬಿಳಿಯಾಗಿರುತ್ತದೆ. ಹಿಂದೆ ಬೆಳ್ಳನೆಯ ಆಕಾಶವಿದ್ದುದರಿಂದ ಚಿತ್ರಕ್ಕೆ ಬೀಳುವ ಬೆಳಕನ್ನು (ಎಕ್ಸ್‌ಪೋಷರ್) ಒಂದೂವರೆ ಸ್ಟಾಪ್ ಏರಿಸಿದೆ. ಆಕಾಶ ಸುಟ್ಟುಹೋದರೆ ಹೋಗಲಿ, ಕಪ್ಪು ಹಕ್ಕಿಯ ಕಣ್ಣು ಕಾಣಬೇಕು. ಡಾನಮ್‌ನಲ್ಲಿ ಸಿಗದಿದ್ದದ್ದೆಲ್ಲ ಇಲ್ಲಿ ಕಾಲು ಗಂಟೆಯಲ್ಲಿ ಸಿಕ್ಕಿತು.

ಅದೇ ತಿರುವಿನಲ್ಲಿ, ನೀರಿನಿಂದ ಮೊಳದೆತ್ತರದಲ್ಲಿ ಒಣಗಿದ ಕೊಂಬೆಯೊಂದಕ್ಕೆ ಕಸ ಜೋತುಬಿದ್ದಿತ್ತು. ಪ್ರವಾಹದ ನೀರು ಬಿಟ್ಟುಹೋದ ನಾರು, ಬೇರು, ಒಣ ಎಲೆಗಳ ಗಂಟು ಎಂದೇ ಕಾಣುತ್ತಿತ್ತು. ದೋಣಿಯವರು ಮೋಟಾರ್ ಆರಿಸಿ ಬೆರಳು ತೋರಿಸಿದರು. ಗಂಟಿನ ಪಕ್ಕದಲ್ಲಿ ರಂಧ್ರ. ಅದರಿಂದ ಮೊದಲು ಹೊರಬಂದದ್ದು ಮೇಲೆ ವೈಡೂರ್ಯದ ನೀಲಿ, ಕೆಳಗೆ ಹಳದಿಯಿರುವ ಅಗಲ ಕೊಕ್ಕು; ಹಿಂದೆಯೇ ಕಪ್ಪು ಮುಖ, ರಕ್ತಗೆಂಪು ಎದೆ. ಕೆಂಪು-ಕಪ್ಪು ಬ್ರಾಡ್‌ಬಿಲ್. ಹಾವಿಗೂ ಮಂಗಕ್ಕೂ ಸುಲಭವಾಗಿ ನಿಲುಕದಂತೆ ನೀರಿನ ಮೇಲೆ ಗೂಡು ಕಟ್ಟುವ ಹಕ್ಕಿ. ಹತ್ತಿರ ಹೋಗೋಣ ಎಂದು ದೋಣಿಯಲ್ಲಿದ್ದ ಒಬ್ಬರು ಕೇಳಿದರು. ದೋಣಿಯವರು ತಲೆ ಆಡಿಸಿದರು, ಇಲ್ಲವೆಂದು. ನನಗೆ ಆ ಮನುಷ್ಯನ ಮೇಲೆ ಗೌರವ ಬಂದದ್ದು ಆಗ.

ದಿನ ಕಳೆದಂತೆ ಪಟ್ಟಿ ಬೆಳೆಯಿತು: ಹಾವಕ್ಕಿ, ಗರುಡ, ದಪ್ಪ ಕೆಂಪು ಕೊಕ್ಕಿನ ಮಿಂಚುಳ್ಳಿ, ಇವೆಲ್ಲ ನಮ್ಮ ಕಾಳಿ ನದಿಯಲ್ಲಿ ಅಥವಾ ಅದರ ಆಸುಪಾಸಿನಲ್ಲೂ ಸಿಗುವಂಥವು. ಸಿಗದಿರುವುದು ಸ್ಟಾರ್ಮ್ಸ್ ಕೊಕ್ಕರೆ. ಕೆಂಪು ಕೊಕ್ಕು, ಕಣ್ಣಿನ ಸುತ್ತ ಹಳದಿ ಉಂಗುರ, ಕಪ್ಪು ಟೋಪಿ. ಪ್ರಪಂಚದಲ್ಲಿ ಉಳಿದಿರುವ ಪ್ರೌಢ ಹಕ್ಕಿಗಳು ಐನೂರಕ್ಕೂ ಕಡಿಮೆ ಎಂಬುದು ಅಂದಾಜು. ಅಂಥದ್ದು ಒಂದು ಬೋಳು ಮರದ ತುದಿಯಲ್ಲಿ ಎಲ್ಲರಿಗೂ ಕಾಣುವಂತೆ ರೆಕ್ಕೆ ಒಣಗಿಸುತ್ತಾ ನಿಂತಿತ್ತು.

ಇಲ್ಲಿ ಬಂದವರು ಕಿನಬತಾಂಗನ್ನನ್ನು ಛಾಯಾಗ್ರಾಹಕರ ಸ್ವರ್ಗ ಎಂದು ಹೊಗಳುತ್ತಾರೆ. ನಾನು ಆ ಮಾತನ್ನು ಅಷ್ಟು ಸಲೀಸಾಗಿ ಆಡಲಾರೆ. ಹಕ್ಕಿಗಳು ದಂಡೆಗೆ ಬಂದದ್ದು ನಮಗೆ ಮುಖ ತೋರಿಸಲಿಕ್ಕಲ್ಲ, ಹಿಂದಕ್ಕೆ ಹೋಗಲು ಜಾಗವಿಲ್ಲದ್ದರಿಂದ. ಡಾನಮ್‌ನಲ್ಲಿ ಅವುಗಳಿಗೆ ಅಡಗಲು ಕಾಡಿತ್ತು, ನನಗೆ ಚಿತ್ರ ಸಿಗಲಿಲ್ಲ. ಇಲ್ಲಿ ಆನೆ, ಉದ್ದ ಮೂಗಿನ ಮಂಗ, ಒರಾಂಗುಟಾನ್, ಮಂಗಟ್ಟೆ ಎಲ್ಲವೂ ಅದೇ ಕಿರಿದಾದ ಪಟ್ಟಿಯನ್ನು ಹಂಚಿಕೊಂಡಿವೆ. ಉದ್ದ ಲೆನ್ಸಿನ ಚೌಕಟ್ಟಿಗೆ ಹಿಂದಿನ ತಾಳೆ ತೋಟ ಬೀಳುವುದಿಲ್ಲ, ಆದ್ದರಿಂದ ಮನೆಗೆ ಬರುವ ಚಿತ್ರಗಳಲ್ಲಿ ಕಾಡು ಕೊನೆಯಿಲ್ಲದ್ದಾಗಿ ಕಾಣುತ್ತದೆ.

ರಾತ್ರಿ ದೋಣಿ ವಿಹಾರದ ಬಗ್ಗೆ ನನಗೆ ತಕರಾರಿದೆ. ನೀರಿನಂಚಿನ ಕಡ್ಡಿಯ ಮೇಲೆ ನಿದ್ದೆಹೋದ ಪುಟ್ಟ ನೀಲಿ ಮಿಂಚುಳ್ಳಿಗೆ ಎರಡು ಮಾರು ದೂರದಿಂದ ಬೆಳಕು ಹಾಯಿಸಿ, ಅದು ಕದಲದೆ ಕುಳಿತಿದೆ ಎಂದು ಸಾಲಾಗಿ ಚಿತ್ರ ತೆಗೆಯುವುದು ಹಕ್ಕಿಯ ಅಸಹಾಯಕತೆಯ ದುರುಪಯೋಗ. ಮೀನುಗೂಬೆಯನ್ನು ದೂರದಿಂದ ಮಂದ ಬೆಳಕಿನಲ್ಲಿ ನೋಡಿ ಮುಂದೆ ಹೋಗುವುದು ಬೇರೆ. ಪೊದೆಯೊಳಗಿನ ನೆಲಕೋಗಿಲೆಯನ್ನು ಹೊರಗೆಳೆಯಲು ಮೊಬೈಲಿನಲ್ಲಿ ಅದರ ಕೂಗನ್ನು ಮತ್ತೆ ಮತ್ತೆ ಬಾರಿಸುವುದಕ್ಕೂ ಇದೇ ಮಾತು.

ಗೋಮಂತೋಂಗ್ ಗುಹೆ ಸುಕಾವುಗೆ ಹತ್ತಿರ. ಬೆತ್ತದ ಏಣಿಗಳ ಮೇಲೆ ಹತ್ತಿ ಸ್ವಿಫ್ಟ್‌ಲೆಟ್ ಹಕ್ಕಿಯ ಜೊಲ್ಲಿನ ಗೂಡುಗಳನ್ನು ಸಂಗ್ರಹಿಸುವ ಜಾಗ. ಸಂಜೆ ಬಾವಲಿಗಳು ಹೊರಬರುವಾಗ ಬಾವಲಿಗಿಡುಗ ಎರಗುವುದನ್ನು ನೋಡಬಹುದು. ಒಳಗಿನ ಹಿಕ್ಕೆಯ ವಾಸನೆ ಮತ್ತು ಜಿರಳೆಗಳ ವಿಷಯ ಬೇಡ.

ಹಿಂದಿರುಗುವ ಮುನ್ನ ದಂಡೆಯ ಮರವೊಂದಕ್ಕೆ ಕಟ್ಟಿದ್ದ ಮರದ ಪೆಟ್ಟಿಗೆಯನ್ನು ದೋಣಿಯವರು ತೋರಿಸಿದರು. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಸೇರಿ ಬಾಗಿಲಿಗೆ ಗಾರೆ ಹಾಕಿಕೊಂಡು ಮರಿ ಮಾಡುತ್ತದೆ, ಗಂಡು ಸೀಳುಗಂಡಿಯಿಂದ ಆಹಾರ ಕೊಡುತ್ತದೆ. ಅದಕ್ಕೆ ಬೇಕಾದಷ್ಟು ದಪ್ಪದ ಹಳೆಯ ಮರಗಳು ನಾಟಾ ಕಡಿತದಲ್ಲಿ ಹೋಗಿವೆ. ಹಾಗಾಗಿ ಹುತಾನ್ ಎಂಬ ಸಂಸ್ಥೆ ಊರವರೊಂದಿಗೆ ಸೇರಿ ಇಂಥ ಕೃತಕ ಗೂಡುಗಳನ್ನು ಏರಿಸುತ್ತಿದೆ. ಪೆಟ್ಟಿಗೆ ಬಂದರೆ ಚಿತ್ರ ಕೆಡುತ್ತದೆಂದು ಜೊತೆಯವರು ಕ್ಯಾಮೆರಾ ಕೆಳಗಿಟ್ಟರು. ನಾನು ಅಗಲದ ಲೆನ್ಸ್ ಹಾಕಿ, ಪೆಟ್ಟಿಗೆ, ಮರ, ಹಿಂದೆ ಇಣುಕುವ ತಾಳೆಯ ತಲೆಗಳು ಮೂರೂ ಬರುವಂತೆ ತೆಗೆದೆ.

ಹೋಗುವವರು ನವೆಂಬರಿನಿಂದ ಫೆಬ್ರವರಿಯ ಮಳೆಯನ್ನು ತಪ್ಪಿಸಿದರೆ ಒಳ್ಳೆಯದು. ನದಿ ಉಕ್ಕಿದರೆ ಜಗಲಿಯವರೆಗೂ ಬರುತ್ತದೆ. ಏಸಿ ಕೋಣೆಯಿಂದ ಕ್ಯಾಮೆರಾವನ್ನು ನೇರ ಹೊರಗೆ ತಂದರೆ ಗಾಜಿನ ಮೇಲೆ ಹನಿಗಟ್ಟಿ ಅರ್ಧ ಗಂಟೆ ಕುರುಡಾಗುತ್ತದೆ, ಚೀಲದಲ್ಲೇ ಇಟ್ಟು ಮೊದಲೇ ಜಗಲಿಗೆ ತಂದಿಡಿ. ಕೋಣೆ ಕಾದಿರಿಸುವಾಗ ಬ್ಯಾಟರಿ ಮೋಟಾರಿನ ದೋಣಿ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಬೇರೆ ಕಡೆ ನೋಡಿ.