ಎಲ್ಲರೂ ಒಂದೇ ಥರ ಬರೆದರೆ ತಿದ್ದೋದು ಸುಲಭ

"ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು." ಹತ್ತನೇ ಕ್ಲಾಸಿಗೆ ಕನ್ನಡ ಹೇಳಿಕೊಡುವವರು ಈ ಸಾಲನ್ನು ಎಷ್ಟು ಸಲ ಓದಿರ್ತಾರೋ ಲೆಕ್ಕವಿಲ್ಲ. ಯಾವ ಗಾದೆ ಕೊಟ್ಟರೂ ಮಕ್ಕಳು ಶುರು ಮಾಡೋದು ಇಲ್ಲಿಂದಲೇ. ಬರೆಸಿದವರು ನಾವೇ ತಾನೇ.

ನಾನಿರುವುದು ಶಿಸ್ತಿಗೆ ಹೆಸರಾದ ಒಂದು ವಸತಿ ಶಾಲೆ. ಎರಡು ಜಡೆ, ಕಪ್ಪು ರಿಬ್ಬನ್, ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು. ಇದಕ್ಕೆಲ್ಲ ನನ್ನದೇನೂ ದೊಡ್ಡ ತಕರಾರಿಲ್ಲ. ಯಾರ ಅಪ್ಪ ಕಂಟ್ರಾಕ್ಟರ್, ಯಾರ ಅಮ್ಮ ಕೂಲಿ ಅಂತ ಯೂನಿಫಾರ್ಮ್ ನೋಡಿದರೆ ಗೊತ್ತಾಗಲ್ಲ, ಒಳ್ಳೆಯದೇ ಆಯ್ತು. ತಕರಾರಿರೋದು ನೋಟ್ಸ್ ಬಗ್ಗೆ. ಬರೆಸಿದ ಉತ್ತರದಲ್ಲಿ ಒಂದು ಪದ ಆಚೀಚೆ ಆದರೂ ಕೆಂಪು ಗೆರೆ ಬೀಳುತ್ತೆ.

ಪ್ರಿಪರೇಟರಿ ಪರೀಕ್ಷೆಯಲ್ಲಿ "ಕೈ ಕೆಸರಾದರೆ ಬಾಯಿ ಮೊಸರು" ಬಂದಿತ್ತು. ಒಬ್ಬ ಹುಡುಗಿ ವೇದದ ಸಾಲನ್ನು ಬಿಟ್ಟು ನೇರವಾಗಿ ಹೀಗೆ ಬರೆದಿದ್ದಳು: "ನಮ್ಮಮ್ಮ ನಾಟಿಗೆ ಕೂಲಿ ಹೋಗುತ್ತಾರೆ. ಕೈ ಮಾತ್ರ ಅಲ್ಲ, ಮೊಣಕಾಲಿನವರೆಗೂ ಕೆಸರಾಗುತ್ತದೆ. ಮೊಸರು ಗದ್ದೆಯವರ ಮನೆಯಲ್ಲಿರುತ್ತದೆ." ದುಡಿಯಬೇಕು ನಿಜ, ಆದರೆ ದುಡಿದವರಿಗೇ ಸಿಗಬೇಕು ಅಂತ ಮುಗಿಸಿದ್ದಳು. ಪೂರ್ತಿ ಅಂಕ ಕೊಟ್ಟೆ.

ಹೆಡ್‌ಮಾಸ್ಟರ್ ಕರೆಸಿದರು. "ಏನ್ ಮೇಡಂ, ಗಾದೆನೇ ತಪ್ಪು ಅಂತಾಳಲ್ಲ ಇವಳು? ಬೋರ್ಡ್ ಪರೀಕ್ಷೆಯಲ್ಲಿ ಹೀಗೆ ಬರೆದು ಬಂದರೆ?" ಅವರ ಚಿಂತೆ ಸುಳ್ಳಲ್ಲ, ರಿಸಲ್ಟ್ ಕಡಿಮೆಯಾದರೆ ಮೊದಲು ಉತ್ತರ ಹೇಳಬೇಕಾದವರು ಅವರೇ. ಆದರೆ ನಾನು ಮೌಲ್ಯಮಾಪನಕ್ಕೆ ಹೋಗಿ ಬಂದವಳು. ಅಲ್ಲಿ ಮಾದರಿ ಉತ್ತರ ಕೊಡ್ತಾರೆ, ಹಾಗಂತ ಗಾದೆ, ಪತ್ರ, ಪ್ರಬಂಧವನ್ನು ಮಗು ತನ್ನ ಮಾತಲ್ಲಿ ಸರಿಯಾಗಿ ಬರೆದಿದ್ದರೆ ಅಂಕ ಕೊಯ್ಯೋಕೆ ಯಾರೂ ಕೂತಿರಲ್ಲ. ಅದನ್ನೇ ಹೇಳಿದೆ. "ಕತ್ತೆ ದುಡೀತು, ಕುದುರೆ ತಿಂತು ಅನ್ನೋದೂ ಹಿರಿಯರ ಗಾದೆನೇ ಅಲ್ವಾ ಸರ್" ಅಂತಲೂ ಸೇರಿಸಿದೆ. ನಕ್ಕರು. ಅಂಕ ಉಳಿಯಿತು.

ಒಂದೇ ಥರದ ಉತ್ತರ ನಮಗೆ ಯಾಕಿಷ್ಟು ಇಷ್ಟ? ಶಿಸ್ತು, ಪರಂಪರೆ ಅಂತ ಏನೇ ಹೇಳಿದರೂ ನಿಜವಾದ ಕಾರಣ ಇಷ್ಟೇ ಅನ್ನಿಸುತ್ತೆ ನನಗೆ: ರಾತ್ರಿ ಊಟ ಮುಗಿಸಿ, ಸ್ಟಡಿ ಅವರ್ ಡ್ಯೂಟಿಯೂ ಮುಗಿಸಿ ಬಂದು ಒಂದು ಕಟ್ಟು ಪೇಪರ್ ಮುಂದಿಟ್ಟುಕೊಂಡಾಗ, ನೋಟ್ಸಿನ ಉತ್ತರಕ್ಕೆ ಮೊದಲ ಸಾಲು ನೋಡಿ ಟಿಕ್ ಹಾಕಬಹುದು. ಸ್ವಂತ ಉತ್ತರ ಆದರೆ ಓದಬೇಕು.

ಹಾಗಂತ ನೋಟ್ಸ್ ಬರೆಸೋದು ನಿಲ್ಲಿಸಿಲ್ಲ. ಹಾಲ್‌ನಲ್ಲಿ ಪೆನ್ನು ಹಿಡಿದು ಏನೂ ತೋಚದೆ ಕೂರುವ ಮಗುವಿಗೆ ಬಾಯಿಪಾಠದ ಒಂದು ಸಾಲು ದೊಡ್ಡ ಆಸರೆ.

ಸ್ಟಾಫ್ ಮೀಟಿಂಗ್‌ನಲ್ಲಿ ಇದಕ್ಕೆಲ್ಲ ಜಗಳ ಆಡಿ ಪ್ರಯೋಜನವೂ ಇಲ್ಲ. ಜಾಗ ಬೇರೆ ಕಡೆ ಇದೆ. ಕನ್ನಡ ಪ್ರಥಮ ಭಾಷೆಯ 125 ಅಂಕದಲ್ಲಿ 100 ಲಿಖಿತ ಪರೀಕ್ಷೆಗೆ, ಉಳಿದ 25 ಆಂತರಿಕ. ಅದು ನಮ್ಮ ಕೈಯಲ್ಲೇ ಇದೆ. ಎಷ್ಟೋ ಕಡೆ ಈ ಆಂತರಿಕ ಅಂಕಕ್ಕಾಗಿ ಮಾಡಿಸುವ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಅಂದರೆ ಅಂಗಡಿಯಿಂದ ಕವಿಗಳ ಚಾರ್ಟ್ ತಂದು, ಫೋಟೋ ಕತ್ತರಿಸಿ ಅಂಟಿಸೋದು. ಮಕ್ಕಳು ರಜೆಗೆ ಹೋಗುವಾಗ ನಾನು ಕೊಟ್ಟದ್ದು ಇಷ್ಟು: ಮನೆಯವರ ಬಾಯಲ್ಲಿ ಕೇಳಿದ ಒಂದು ಗಾದೆ, ಯಾರು ಯಾರಿಗೆ ಯಾವಾಗ ಅಂದರು, ನೀನು ಒಪ್ತೀಯಾ ಇಲ್ವಾ. ಒಂದು ಪುಟ ಸಾಕು.

ತಿದ್ದೋಕೆ ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯಿತು. ಕೆಲವು ಗಾದೆಗಳಂತೂ ಕ್ಲಾಸಲ್ಲಿ ಜೋರಾಗಿ ಓದೋ ಹಾಗೇ ಇರಲಿಲ್ಲ, ಅಜ್ಜಿಯಂದಿರ ಬಾಯಿ ಗೊತ್ತಲ್ಲ.