ಇಇಜಿಯಲ್ಲಿ ಹುಡುಗ ಶಾಣ್ಯಾ ಅದಾನೋ ಇಲ್ಲೋ ಗೊತ್ತಾಗ್ತದೇನ್ರಿ?

ಪುಣೆಯ ಒಂದು ಆಸ್ಪತ್ರೆಯಲ್ಲಿ ಇಇಜಿ, ಅಂದರೆ ತಲೆಗೆ ವೈರು ಹಚ್ಚಿ ಮಿದುಳಿನ ವಿದ್ಯುತ್ತನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆ, ತೆಗೆಯುವುದು ನನ್ನ ಕೆಲಸ. ಹಡಪ್ಸರ್, ವಾಕಡ್ ಕಡೆ ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದ ಮಂದಿ ಬಂದರೆ ನನ್ನನ್ನೇ ಕರೆಯುತ್ತಾರೆ. ಮಗುವಿಗೆ ಫಿಟ್ಸ್ ಬಂತೆಂದು ಹೆದರಿ ಓಡಿ ಬಂದವರೂ ಗಾಬರಿ ಇಳಿದ ಮೇಲೆ ಕೇಳುವುದು ಒಂದೇ ಪ್ರಶ್ನೆ. ಮೊನ್ನೆ ಒಬ್ಬ ತಾಯಿ ಕೇಳಿದರು: "ಇಷ್ಟೊಂದು ಗೆರಿ ಬಂದಾವಲ್ರೀ ಅಣ್ಣಾರ, ಹುಡುಗ ಶಾಣ್ಯಾ ಅದಾನೇನ್ ನೋಡಿ ಹೇಳ್ರಿ. ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂಡಸಬೇಕು."

"ಇದರಾಗ ಅದು ಕಾಣಂಗಿಲ್ರೀ ಅಕ್ಕಾರ" ಅಂದೆ. ಬಾಗಿಲಲ್ಲಿ ನಿಂತು ಹೇಳಲಾಗದ ಉಳಿದ ಮಾತು ಇಲ್ಲಿದೆ.

ತಲೆಗೆ ಟೇಪು ಹಿಡಿದು ಅಳೆದು, ಪೆನ್ಸಿಲಿನಿಂದ ಗುರುತು ಹಾಕಿ, ಪೇಸ್ಟ್ ಹಚ್ಚಿ ಸುಮಾರು ಇಪ್ಪತ್ತು ವೈರಿನ ಬಿಲ್ಲೆ ಅಂಟಿಸುತ್ತೇವೆ. ಎಣ್ಣೆ ಹಚ್ಚಬೇಡಿ ಎಂದು ಎಷ್ಟು ಹೇಳಿದರೂ ನಮ್ಮವರು ದವಾಖಾನೆಗೆ ಹೊರಟಿದ್ದೇವೆಂದು ಚೆನ್ನಾಗಿ ಎಣ್ಣೆ ಹಚ್ಚಿ ಬಾಚಿಯೇ ತರುತ್ತಾರೆ. ಅದು ಬೇರೆ ಕಥೆ. "ಕಣ್ಣ ಮುಚ್ಚು" ಎಂದರೆ ತಲೆಯ ಹಿಂಭಾಗದ ಗೆರೆಗಳಲ್ಲಿ ಬಾಚಣಿಗೆ ಹಲ್ಲಿನಂತೆ ಅಲೆಗಳು ಏಳುತ್ತವೆ, ದೊಡ್ಡವರಲ್ಲಿ ಸೆಕೆಂಡಿಗೆ ಹತ್ತರ ಆಸುಪಾಸು. "ಕಣ್ಣ ತಗಿ" ಎಂದರೆ ಮಾಯ. ಇದೇ ಆಲ್ಫಾ ಅಲೆ. ಇದರ ಎತ್ತರ 50 ಮೈಕ್ರೋವೋಲ್ಟ್ ಎಂದುಕೊಂಡರೆ, ಟಾರ್ಚಿನ ಒಂದೂವರೆ ವೋಲ್ಟ್ ಸೆಲ್ಲಿನ ಮೂವತ್ತು ಸಾವಿರ ಪಾಲಿನಲ್ಲಿ ಒಂದು ಪಾಲು.

ಜರ್ಮನಿಯ ಯೇನಾದಲ್ಲಿ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ಇದನ್ನು ಪ್ರಕಟಿಸಿದಾಗ ಬಹಳ ಮಂದಿ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳಾದ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ತಮ್ಮ ತಲೆಗೇ ವೈರು ಹಚ್ಚಿಕೊಂಡು ನೋಡಿದರು. ನೊಬೆಲ್ ಪಡೆದಿದ್ದ ಏಡ್ರಿಯನ್‌ರಲ್ಲಿ ಅಲೆ ಸೊಗಸಾಗಿ ಬಂತು. ಮ್ಯಾಥ್ಯೂಸ್‌ರಲ್ಲಿ ಅಷ್ಟಾಗಿ ಕಾಣಲಿಲ್ಲ. ಹಾಗೆಂದು ಅವರೇನು ದಡ್ಡರಲ್ಲ. ನನಗೆ ಬಲು ಇಷ್ಟವಾದದ್ದು ಮುಂದಿನದು: ನೀರಿನ ಜೀರುಂಡೆಯೊಂದನ್ನು ಕತ್ತಲಲ್ಲಿ ಇಟ್ಟಾಗ ಅದರಲ್ಲೂ ಇಂಥದೇ ಅಲೆ ಸಿಕ್ಕಿತು, ಬೆಳಕು ಬಿದ್ದೊಡನೆ ನಿಂತಿತು.

ಹಾಗಾದರೆ ಬುದ್ಧಿಗೂ ಇದಕ್ಕೂ ನಂಟೇ ಇಲ್ಲವೆ? ಇಲ್ಲವೆನ್ನಲಾರೆ. ಮೂರು ವರ್ಷದ ಕೂಸಿನಲ್ಲಿ ಸೆಕೆಂಡಿಗೆ ಎಂಟರಷ್ಟಿರುವ ಅಲೆ ಬೆಳೆಯುತ್ತ ಹತ್ತರ ಹತ್ತಿರ ಬರುತ್ತದೆ, ಮುಪ್ಪಿನಲ್ಲಿ ತುಸು ನಿಧಾನವಾಗುತ್ತದೆ, ಮರೆವಿನ ಕಾಯಿಲೆಯಲ್ಲಿ ಇನ್ನೂ ನಿಧಾನ. ಅದಕ್ಕೇ ಸಂಶೋಧಕರು ಈ ವೇಗವನ್ನು ಬುದ್ಧಿಶಕ್ತಿಯ ಪರೀಕ್ಷೆಗಳ ಅಂಕದೊಂದಿಗೆ ತಾಳೆ ಹಾಕುತ್ತ ಬಂದಿದ್ದಾರೆ. ಕೆಲವರಿಗೆ ತೆಳುವಾದ ನಂಟು ಸಿಕ್ಕಿದೆ, ಕೆಲವರಿಗೆ ಸಿಕ್ಕಿಲ್ಲ. ಸಿಕ್ಕಿದ್ದೂ ನೂರಾರು ಜನರ ಸರಾಸರಿಯಲ್ಲಿ ಮಾತ್ರ. ಒಬ್ಬ ಹುಡುಗನ ಗೆರೆ ಹಿಡಿದು ಅವನ ಲೆಕ್ಕದ ಮಾರ್ಕು ಹೇಳಲು ಆಗದು.

ಅದೂ ನಮ್ಮ ಟೇಬಲ್ಲಿನ ಮೇಲೆ! ಫಿಟ್ಸ್‌ನ ಗುರುತು ನಿದ್ದೆಗಣ್ಣಿನಲ್ಲಿ ಸುಲಭವಾಗಿ ಸಿಗುತ್ತದೆಂದು, ಮಗುವನ್ನು ರಾತ್ರಿ ಹೆಚ್ಚು ಮಲಗಿಸಬೇಡಿ ಎಂದು ಎಷ್ಟೋ ಸಲ ನಾವೇ ಹೇಳಿ ಕಳಿಸಿರುತ್ತೇವೆ. ತೂಕಡಿಸಿದರೆ ಅಲೆ ನಿಧಾನ. ಕೆಲವು ಫಿಟ್ಸ್ ಮಾತ್ರೆಗಳಿಂದಲೂ ನಿಧಾನ. ಬಣ್ಣಬಣ್ಣದ ಮಿದುಳಿನ ಚಿತ್ರ ತೋರಿಸಿ "ನಿಮ್ಮ ಮಗು ಎಂಜಿನಿಯರೋ ಕಲಾವಿದನೋ ಹೇಳುತ್ತೇವೆ" ಎಂದು ರೊಕ್ಕ ಕೇಳುವವರ ಕರಪತ್ರ ತಂದು ತೋರಿಸಿದರೆ, ಆ ದುಡ್ಡಲ್ಲಿ ಚಪ್ಪಲಿ ಕೊಡಿಸಿ ಅನ್ನುತ್ತೇನೆ.

ಜೀರುಂಡೆಯ ಕಥೆಯೊಂದನ್ನು ಮಾತ್ರ ಅವತ್ತೇ ಹೇಳಿದ್ದೆ. ಕೇಳಿ ತಾಯಿ ಸುಮ್ಮನಾದರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಹುಡುಗ ಕೂದಲಿಗೆ ಅಂಟಿದ ಪೇಸ್ಟ್ ಕೆರೆದುಕೊಳ್ಳುತ್ತ ಕೇಳಿದ: "ಮಾಮಾ, ಹುಳಕ್ಕ ವೈರ್ ಎಲ್ಲಿ ಹಚ್ಚಿದ್ರು?"

"ಕಣ್ಣಿನ ಹಿಂದಿನ ನರದ ಗಂಟಿಗೆ."

"ಅದಕ್ಕೂ ಪೇಸ್ಟ್ ಹಚ್ಚಿದ್ರೇನು?"