ರೋಬೊರಾಕ್ ಎಸ್8 ಪ್ರೊ ಅಲ್ಟ್ರಾ, ಎಕೋವ್ಯಾಕ್ಸ್ ಎಕ್ಸ್2 ಓಮ್ನಿ: ಯಾವುದು ಯಾರಿಗೆ?

ಕಸ ಹೀರಿ ನೆಲವನ್ನೂ ಒರೆಸುವ ದುಬಾರಿ ರೋಬೊಗಳನ್ನು ಹೋಲಿಸುವಾಗ ಹೀರುವ ಬಲದ ಅಂಕಿಯನ್ನೇ ಮೊದಲು ನೋಡುವುದು ರೂಢಿ. 2023ರಲ್ಲಿ ಬಂದ ಈ ಎರಡರಲ್ಲಿ ರೋಬೊರಾಕ್‌ನದು 6,000 ಪ್ಯಾಸ್ಕಲ್, ಎಕೋವ್ಯಾಕ್ಸ್‌ನದು 8,000 ಪ್ಯಾಸ್ಕಲ್ ಎಂದು ತಯಾರಕರು ಹೇಳುತ್ತಾರೆ. ಬರಿನೆಲದ ಧೂಳಿಗೆ ಇಷ್ಟು ಬಲ ಬೇಕಾಗುವುದಿಲ್ಲ; ಕಾರ್ಪೆಟ್ಟಿನ ಮೇಲೂ ಬಲದಷ್ಟೇ ಬ್ರಷ್ಷಿನ ವಿನ್ಯಾಸ ಮುಖ್ಯ, ಮತ್ತು ರೋಬೊರಾಕ್‌ನ ಜೋಡಿ ರಬ್ಬರ್ ರೋಲರುಗಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ ಎಂಬುದು ನನ್ನ ಅಭಿಪ್ರಾಯ.

ನಿಜವಾದ ಭೇದವಿರುವುದು ಒರೆಸುವ ಕ್ರಮದಲ್ಲಿ. ರೋಬೊರಾಕ್ ಒಂದೇ ಚಪ್ಪಟೆ ಬಟ್ಟೆಯನ್ನು ನಿಮಿಷಕ್ಕೆ 3,000 ಬಾರಿಯವರೆಗೆ ಕಂಪಿಸುತ್ತಾ ಎಳೆದೊಯ್ದರೆ, ಎಕೋವ್ಯಾಕ್ಸ್ ಎರಡು ದುಂಡನೆಯ ಬಟ್ಟೆಗಳನ್ನು ನೆಲಕ್ಕೊತ್ತಿ ತಿರುಗಿಸುತ್ತದೆ; ಅಡುಗೆಮನೆಯ ಒಣಗಿದ ಜಿಡ್ಡಿನ ಕಲೆಗೆ ಈ ಎರಡನೆಯ ಕ್ರಮವೇ ಮೇಲೆಂದು ನಾನು ಭಾವಿಸುತ್ತೇನೆ. ಕಾರ್ಪೆಟ್ ಎದುರಾದಾಗ ರೋಬೊರಾಕ್ ಒದ್ದೆ ಬಟ್ಟೆಯನ್ನು 5 ಮಿಲಿಮೀಟರ್ ಮಾತ್ರ ಎತ್ತುತ್ತದೆ, ಎಕೋವ್ಯಾಕ್ಸ್ 15 ಮಿಲಿಮೀಟರ್ ಎತ್ತುತ್ತದೆ. ಎಳೆಗಳು ಉದ್ದವಾಗಿರುವ ಕಾರ್ಪೆಟ್ಟುಗಳಿರುವವರು ಇದನ್ನು ಲಘುವಾಗಿ ಪರಿಗಣಿಸಬಾರದು, ಏಕೆಂದರೆ 5 ಮಿಲಿಮೀಟರಿನಲ್ಲಿ ಅವುಗಳ ತುದಿ ಒದ್ದೆಯಾಗುತ್ತದೆ.

ಎಕೋವ್ಯಾಕ್ಸ್‌ನ ಚೌಕಾಕಾರದ ಮುಂಭಾಗ ಕೋಣೆಯ ಮೂಲೆಗೆ ಇನ್ನಷ್ಟು ಹತ್ತಿರ ತಲುಪುತ್ತದೆ. ಆದರೆ ರೋಬೊರಾಕ್‌ನಂಥ ದುಂಡನೆಯ ಯಂತ್ರ ನಿಂತಲ್ಲೇ ತಿರುಗಬಲ್ಲದು, ಚೌಕಕ್ಕೆ ತಿರುಗಲು ಹೆಚ್ಚು ಜಾಗ ಬೇಕು. ಕುರ್ಚಿ ಕಾಲುಗಳ ನಡುವೆ ಅದು ತೊಡಕೇ ಸರಿ.

ಎರಡರ ಡಾಕ್‌ಗಳೂ (ರೋಬೊ ಮರಳಿ ಬಂದು ನಿಲ್ಲುವ ನೆಲೆ) ಬಟ್ಟೆ ತೊಳೆದು ಬಿಸಿಗಾಳಿಯಿಂದ ಒಣಗಿಸುತ್ತವೆ, ಆದರೆ ಬಿಸಿನೀರಿನಲ್ಲಿ ತೊಳೆಯುವುದು ಎಕೋವ್ಯಾಕ್ಸ್ ಮಾತ್ರ. ಕಾರ್ಪೆಟ್ ಕಡಿಮೆಯಿದ್ದು ಪೀಠೋಪಕರಣ ಹೆಚ್ಚಿರುವವರಿಗೆ ನಾನು ರೋಬೊರಾಕ್ ಅನ್ನೇ ಸೂಚಿಸುತ್ತೇನೆ.